ಲೇಪನದ ಪುಡಿ ತಳಕ್ಕಿಳಿಯದಿರಲು

ಬೆವರುಸಾಲೆಗೆ ಹಚ್ಚಲೆಂದು ಸತುವಿನ ಆಕ್ಸೈಡಿನ ಬಿಳಿಯ ಪುಡಿಯನ್ನು ಪನ್ನೀರಿನಲ್ಲಿ ಕಲಕಿ ಸೀಸೆಯಲ್ಲಿ ತುಂಬಿಟ್ಟರೆ, ಸ್ವಲ್ಪ ಹೊತ್ತಿನಲ್ಲಿಯೇ ಮೇಲೆ ತಿಳಿನೀರೂ ತಳದಲ್ಲಿ ಗಸಿಯೂ ಬೇರ್ಪಟ್ಟು ನಿಲ್ಲುತ್ತವೆ. ಮೊದಲ ದಿನ ಹಚ್ಚಿಕೊಂಡದ್ದು ಬಹುಪಾಲು ಪನ್ನೀರು. ಕೊನೆಯ ದಿನ ಸಿಕ್ಕುವುದು ಗಾರೆಯಂಥ ಮುದ್ದೆ. ಔಷಧದ ಪ್ರಮಾಣವೇ ಹೀಗೆ ಏರುಪೇರಾದರೆ ಲೇಪನದಿಂದ ಪ್ರಯೋಜನವೇನು? ದ್ರವವನ್ನು ಮಂದಗೊಳಿಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಆದರೆ ಮಂದಗೊಳಿಸುವುದೇ ಬೇರೆ, ಕಣಗಳನ್ನು ಹಿಡಿದು ನಿಲ್ಲಿಸುವುದೇ ಬೇರೆ.

ದ್ರವದಲ್ಲಿ ಕಣವೊಂದು ಇಳಿಯುವ ವೇಗದ ಸೂತ್ರವನ್ನು ಜಾರ್ಜ್ ಸ್ಟೋಕ್ಸನು 1851ರಲ್ಲಿ ಪ್ರಕಟಿಸಿದನು. ಕಣದ ವ್ಯಾಸ ಇಮ್ಮಡಿಯಾದರೆ ವೇಗ ನಾಲ್ಮಡಿಯಾಗುತ್ತದೆ; ಹರಿಯುವುದಕ್ಕೆ ದ್ರವವು ಒಡ್ಡುವ ತಡೆ, ಎಂದರೆ ಸ್ನಿಗ್ಧತೆ, ಹೆಚ್ಚಿದಷ್ಟೂ ವೇಗ ಕುಗ್ಗುತ್ತದೆ. ಸತುವಿನ ಆಕ್ಸೈಡು ನೀರಿನ ಐದೂವರೆ ಪಟ್ಟಿಗೂ ಮಿಕ್ಕು ಭಾರವುಳ್ಳದ್ದು. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ವ್ಯಾಸದ ಅದರ ಕಣವು 10 ಸೆಂಟಿಮೀಟರು ನೀರನ್ನು ಸುಮಾರು 7 ನಿಮಿಷಗಳಲ್ಲಿ ದಾಟುತ್ತದೆಂದು ನಾವು ಲೆಕ್ಕ ಹಾಕಬಹುದು. ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಸ್ನಿಗ್ಧವಾದ ಶುದ್ಧ ಗ್ಲಿಸರಿನ್ನಿನಲ್ಲಿ ಅದಕ್ಕೆ ಸುಮಾರು ಒಂದು ವಾರ ಬೇಕು. ಇಳಿಯುವುದು ತಡವಾಯಿತೇ ಹೊರತು ತಪ್ಪಲಿಲ್ಲ. ಮೇಲಾಗಿ, ಅಷ್ಟು ಅಂಟಾದುದನ್ನು ಮೈಗೆ ಬಳಿದುಕೊಳ್ಳುವವರಾರು!

ಆದುದರಿಂದ ಬೇಕಾದುದು ಬೇರೊಂದು ಗುಣ. ಅಲುಗದೆ ಇರುವಾಗ ದ್ರವದೊಳಗೆ ಒಂದು ಬಲೆ ಕಟ್ಟಿಕೊಂಡು ಕಣದ ಭಾರವನ್ನು ತಾಳಬೇಕು. ಕುಲುಕಿದಾಗ ಆ ಬಲೆ ಮುರಿದು ದ್ರವವು ಸರಾಗವಾಗಿ ಸುರಿಯಬೇಕು. ಬೆಂಟೊನೈಟ್ ಎಂಬ ಜೇಡಿಮಣ್ಣು ಇದನ್ನು ಬಲ್ಲದು. ಅದರ ಅತಿ ತೆಳುವಾದ ಹಾಳೆಗಳು ನೀರು ಹೀರಿ ಉಬ್ಬಿ, ಇಸ್ಪೀಟೆಲೆಗಳ ಮನೆಯಂತೆ ಒಂದಕ್ಕೊಂದು ಆತುಕೊಳ್ಳುತ್ತವೆ. ಬ್ರಿಟಿಷ್ ಔಷಧಕೋಶದ ಕ್ಯಾಲಮೈನ್ ಲೇಪನದಲ್ಲಿ 100 ಮಿಲಿಲೀಟರಿಗೆ ಕ್ಯಾಲಮೈನ್ 15 ಗ್ರಾಂ, ಸತುವಿನ ಆಕ್ಸೈಡು 5 ಗ್ರಾಂ ಇದ್ದರೆ, ಬೆಂಟೊನೈಟ್ ಕೇವಲ 3 ಗ್ರಾಂ. ಹಾಗಿದ್ದೂ ಸೀಸೆಯ ಮೇಲೆ ಕುಲುಕಿ ಬಳಸಿರೆಂದು ಬರೆದಿರುತ್ತದೆ. ಕಾಲಕ್ರಮದಲ್ಲಿ ಕೊಂಚ ಇಳಿದರೂ ಗಸಿಯು ಹೆಪ್ಪಾಗದೆ ಸಡಿಲವಾಗಿದ್ದು ಮತ್ತೆ ಬೆರೆಯುವುದೇ ಇಲ್ಲಿನ ಲಾಭ. ಈ ಮಣ್ಣನ್ನು ಬಿಸಿನೀರಿನ ಮೇಲೆ ಉದುರಿಸಿ, ಒಂದು ದಿನ ನೆನೆಯಲು ಬಿಡಬೇಕು. ಅವಸರ ಮಾಡಿದರೆ ಗಂಟು ಕಟ್ಟುತ್ತದೆ.

ಮನೆಯ ತಯಾರಿಕೆಗೆ ಇಂದು ಹೆಚ್ಚಾಗಿ ಬಳಸುವುದು ಕ್ಸಾಂಥನ್ ಅಂಟನ್ನು. ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಬ್ಯಾಕ್ಟೀರಿಯವು ಸಕ್ಕರೆಯಿಂದ ಇದನ್ನು ತಯಾರಿಸುತ್ತದೆ! ಅಮೆರಿಕದ ಪಿಯೋರಿಯಾ ನಗರದ ಸರ್ಕಾರಿ ಕೃಷಿ ಪ್ರಯೋಗಶಾಲೆಯ ಅಲೀನ್ ಜೀನ್ಸ್ ಮತ್ತು ಸಂಗಡಿಗರು 1961ರಲ್ಲಿ ಇದರ ಗುಣಗಳನ್ನು ವರ್ಣಿಸಿದರು. ನೂರು ಗ್ರಾಂ ಲೇಪನಕ್ಕೆ ಅರ್ಧ ಗ್ರಾಮಿನಷ್ಟು ಸಾಕಾಗುವುದರಿಂದ ಅಡುಗೆಮನೆಯ ಸಾಮಾನ್ಯ ತಕ್ಕಡಿ ಇದಕ್ಕೆ ಒದಗದು. ಮೊದಲು ಗ್ಲಿಸರಿನ್ನಿನಲ್ಲಿ ಕದಡಿ, ಬಳಿಕ ನೀರಿಗೆ ಬೆರೆಸುವುದು ಕ್ರಮ. ನಮ್ಮ ಗೋರಿಕಾಯಿಯ ಬೀಜದಿಂದ ಬರುವ ಗ್ವಾರ್ ಅಂಟು ಮಂದಗೊಳಿಸುವುದರಲ್ಲಿ ಬಲು ಗಟ್ಟಿಗ. ಹಿಡಿದು ನಿಲ್ಲಿಸುವುದರಲ್ಲಿ ಮಾತ್ರ ಕ್ಸಾಂಥನ್ನಿಗೆ ಸಮನಲ್ಲ. ಕೃತಕ ವಸ್ತುವಾದ ಕಾರ್ಬೋಮರ್ ಹಿಡಿಯುವುದರಲ್ಲಿ ಸಮರ್ಥವೇ ಸರಿ, ಆದರೆ ಉಪ್ಪು ತಾಗಿದರೆ ಸೋಲುತ್ತದೆ. ಲವಣಗಳಿರುವ ಲೋಳೆಸರದ ರಸ ಸೇರಿಸಿದಾಗ ಅದು ನೀರಾಗುವುದು ಇದರಿಂದಲೇ.

ಇದೇ ಸತುವಿನ ಆಕ್ಸೈಡನ್ನು ಬಿಸಿಲಿನ ರಕ್ಷಣೆಗೂ ಬಳಸುವುದುಂಟು. ಅಂಥ ಲೇಪನವನ್ನು ಮನೆಯಲ್ಲಿ ಮಾಡಿ ನೆಚ್ಚುವುದು ಸಲ್ಲದೆಂದು ನಮ್ಮ ಅಭಿಪ್ರಾಯ. ಪುಡಿಯು ತಳಕ್ಕಿಳಿಯದಿದ್ದರೂ, ಕಣಗಳು ಗುಂಪುಗೂಡಿದ ಕಡೆ ಕಣ್ಣಿಗೆ ಕಾಣದ ತೆರಪುಗಳುಳಿದು ಚರ್ಮವು ಸುಡಬಹುದು.

ಇನ್ನೊಂದು ವಿಷಯ. ಅಂಟುಗಳಲ್ಲಿ ಹಲವು ಸಕ್ಕರೆಯ ಸರಪಳಿಗಳೇ ಆದುದರಿಂದ ನೀರಿನೊಡನೆ ಸೇರಿದಾಗ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತವೆ. ಕ್ಯಾಲಮೈನ್ ಲೇಪನದಲ್ಲಿ ಫೀನಾಲ್ ಇರುವುದು ಇವುಗಳ ತಡೆಗೂ ಹೌದು. ಕೆಡದಂತೆ ಕಾಯುವ ಇಂಥ ವಸ್ತುವಿಲ್ಲದ ಲೇಪನವನ್ನು ಅಂದಂದಿಗೆ ಬೇಕಾದಷ್ಟೇ ಮಾಡಿಕೊಂಡು ಉಳಿದುದನ್ನು ಚೆಲ್ಲಬೇಕು. ಕೆಟ್ಟುದೆಲ್ಲವೂ ವಾಸನೆಯಿಂದ ತಿಳಿಯುವುದಿಲ್ಲ.