ಗರ್ಭಿಣಿಯರಿಗೆ ಯೋಗ: ಯಾವುದು ಹಿತ?

ಮನೆಯಲ್ಲಿ ಮಗಳೋ ಸೊಸೆಯೋ ಬಸುರಿ ಎಂದು ತಿಳಿದ ದಿನದಿಂದಲೇ ಸಲಹೆಗಳ ಸುರಿಮಳೆ ಆರಂಭವಾಗುತ್ತದೆ. ‘ಬಗ್ಗಬೇಡ, ಭಾರ ಎತ್ತಬೇಡ’ ಎನ್ನುವ ಅಜ್ಜಿ ಒಂದೆಡೆ, ‘ಯೋಗ ಮಾಡು, ಹೆರಿಗೆ ಸಲೀಸಾಗುತ್ತದೆ’ ಎನ್ನುವ ಗೆಳತಿ ಇನ್ನೊಂದೆಡೆ. ಮಂಗಳೂರಿನಲ್ಲಂತೂ ಯೋಗ ತರಗತಿಗಳಿಗೆ ಕೊರತೆಯಿಲ್ಲ. ದೇವಸ್ಥಾನದ ಸಭಾಂಗಣದಲ್ಲಿ ಬೆಳಗಿನ ಜಾವದ ತರಗತಿ, ಶುಲ್ಕ ಕೊಟ್ಟು ಸೇರುವ ಕೇಂದ್ರ, ಮೊಬೈಲಿನಲ್ಲಿ ನೋಡುವ ವಿಡಿಯೊ ಎಲ್ಲವೂ ಇವೆ. ಹಠಯೋಗ, ಅಯ್ಯಂಗಾರ್ ಪದ್ಧತಿ, ಅಷ್ಟಾಂಗ ವಿನ್ಯಾಸ, ಪವರ್ ಯೋಗ ಎಂದು ಹೆಸರುಗಳೂ ಹಲವು. ಇವುಗಳಲ್ಲಿ ಗರ್ಭಿಣಿಗೆ ಹೊಂದುವುದು ಯಾವುದು?

ಹೆಸರು ನೋಡಿ ಆರಿಸಬೇಡಿ. ಆ ತರಗತಿಯಲ್ಲಿ ಗರ್ಭಿಣಿಗೆಂದು ಏನನ್ನು ಬಿಡುತ್ತಾರೆ, ಏನನ್ನು ಬದಲಿಸುತ್ತಾರೆ ಎಂಬುದನ್ನು ನೋಡಿ ಆರಿಸಿ.

ಪ್ರಯೋಜನವಿದೆಯೇ?

ಈ ಬಗ್ಗೆ ನಮ್ಮ ರಾಜ್ಯದಲ್ಲೇ ಅಧ್ಯಯನ ನಡೆದಿದೆ. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಡಾ. ಆರ್. ನಾಗರತ್ನ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ 335 ಗರ್ಭಿಣಿಯರನ್ನು ಗಮನಿಸಿ, 2005ರಲ್ಲಿ ವರದಿ ಪ್ರಕಟಿಸಿದರು. 18ರಿಂದ 20ನೇ ವಾರದಲ್ಲಿ ಸೇರಿದ 169 ಮಂದಿ ಹೆರಿಗೆಯವರೆಗೆ ದಿನಕ್ಕೊಂದು ಗಂಟೆ ಆಸನ, ಉಸಿರಾಟ ಮತ್ತು ಧ್ಯಾನ ಮಾಡಿದರು. ಉಳಿದ 166 ಮಂದಿ ದಿನಕ್ಕೆರಡು ಬಾರಿ ಅರ್ಧ ಗಂಟೆ ನಡೆದರು. ಯೋಗ ಮಾಡಿದವರಲ್ಲಿ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕದ ಮಕ್ಕಳು ಹೆಚ್ಚು ಹುಟ್ಟಿದವು. ಅವಧಿಗೆ ಮುನ್ನ ಹೆರಿಗೆ ಕಡಿಮೆಯಾಯಿತು. ಆದರೆ ಇಲ್ಲಿ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲವಾದ್ದರಿಂದ ಎಲ್ಲ ಶ್ರೇಯಸ್ಸನ್ನೂ ಯೋಗಕ್ಕೇ ಕೊಡುವಂತಿಲ್ಲ.

ಯಾವುದು ಬೇಡ?

ಗರ್ಭಿಣಿಯ ದೇಹದಲ್ಲಿ ಕೀಲುಗಳ ಬಂಧ ಸಡಿಲಗೊಳ್ಳುತ್ತದೆ. ಹಾಗಾಗಿ ಮೊದಲಿಗಿಂತ ಹೆಚ್ಚು ಬಾಗಲು ಸಾಧ್ಯವಾಗುತ್ತದೆ. ಉಳುಕೂ ಸುಲಭವಾಗಿ ಆಗುತ್ತದೆ. ಹೊಟ್ಟೆ ಬೆಳೆದಂತೆ ದೇಹದ ಸಮತೋಲವೂ ಬದಲಾಗುತ್ತದೆ. ಮೈಸೂರಿನಲ್ಲಿ ಕೆ. ಪಟ್ಟಾಭಿ ಜೋಯಿಸರು ಪ್ರಚಾರಕ್ಕೆ ತಂದ ಅಷ್ಟಾಂಗ ವಿನ್ಯಾಸದಂತಹ ವೇಗದ ಅಭ್ಯಾಸವನ್ನು ಬಸುರಿಯಾದ ಮೇಲೆ ಹೊಸದಾಗಿ ಆರಂಭಿಸುವುದು ಸಲ್ಲದು. ರಥಸಪ್ತಮಿಯಂದು 108 ಸೂರ್ಯನಮಸ್ಕಾರ ಮಾಡುವ ಉತ್ಸಾಹವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಭುಜಂಗಾಸನ, ಧನುರಾಸನದಂತೆ ಹೊಟ್ಟೆಯ ಮೇಲೆ ಭಾರ ಬೀಳುವ ಆಸನಗಳು, ಸೊಂಟವನ್ನು ಬಲವಾಗಿ ತಿರುಚುವುದು, ಕಪಾಲಭಾತಿ, ಭಸ್ತ್ರಿಕಾ, ನೌಲಿ ಹಾಗೂ ಉಸಿರು ಹಿಡಿಯುವ ಕುಂಭಕ ಬೇಡ. ಸುಮಾರು 20ನೇ ವಾರದ ನಂತರ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಬರಬಹುದು. ಆದ್ದರಿಂದ ಶವಾಸನದ ಬದಲು ಎಡಮಗ್ಗುಲಿಗೆ ಒರಗಿ ವಿಶ್ರಮಿಸಿ. ಬಿಸಿ ಕೊಠಡಿಯಲ್ಲಿ ಮಾಡಿಸುವ ಯೋಗ ಬೇಡವೇ ಬೇಡ. ನಮ್ಮೂರಿನ ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ, ಗಾಳಿಯಾಡದ ಕೋಣೆಯೂ ಹೆಚ್ಚುಕಡಿಮೆ ಹಾಗೆಯೇ. ಬೆಳಗಿನ ತಂಪಿನಲ್ಲಿ, ಫ್ಯಾನಿನ ಕೆಳಗೆ, ನೀರು ಪಕ್ಕದಲ್ಲಿಟ್ಟುಕೊಂಡು ಮಾಡಿ.

ಯಾವುದು ಬೇಕು?

ಗೋಡೆ ಹಿಡಿದು ತಾಡಾಸನ, ಕೈ–ಮೊಣಕಾಲೂರಿ ಬೆನ್ನು ಸಡಿಲಿಸುವ ಮಾರ್ಜಾರಿಯಾಸನ, ಬದ್ಧಕೋನಾಸನ, ಉಸಿರು ಕಟ್ಟದ ನಾಡಿಶುದ್ಧಿ, ಭ್ರಾಮರಿ ಇವು ಸಾಮಾನ್ಯವಾಗಿ ಹಿತ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯಲ್ಲಿ ಕುರ್ಚಿ, ದಿಂಬು, ಗೋಡೆಗಳ ಆಸರೆ ಬಳಸುವುದರಿಂದ, ಅನುಭವಿ ಶಿಕ್ಷಕರಿದ್ದರೆ ಗರ್ಭಿಣಿಗೆ ಅನುಕೂಲ. ಅಭ್ಯಾಸದ ನಡುವೆ ಸಲೀಸಾಗಿ ಮಾತನಾಡಲು ಬರುವಂತಿರಬೇಕು, ಅದೇ ಮಿತಿ.

ಉಜಿರೆಯ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಯೋಗ ವಿಭಾಗಗಳಲ್ಲಿ ಕಲಿತವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಆದರೂ ಪ್ರಮಾಣಪತ್ರವೊಂದನ್ನೇ ನೋಡಬೇಡಿ. ಚಾಪೆ ಹಾಸುವ ಮುನ್ನ ‘ಎಷ್ಟು ತಿಂಗಳು? ವೈದ್ಯರು ಒಪ್ಪಿದ್ದಾರೆಯೇ?’ ಎಂದು ಕೇಳದ ಶಿಕ್ಷಕರು ನಿಮಗೆ ತಕ್ಕವರಲ್ಲ.

ವೈದ್ಯರನ್ನು ಮೊದಲು ಕೇಳಿ

ರಕ್ತಸ್ರಾವ, ಕೆಳಗಿರುವ ಮಾಸು, ಗರ್ಭದ ಬಾಯಿಗೆ ಹಾಕಿದ ಹೊಲಿಗೆ, ಏರಿದ ರಕ್ತದೊತ್ತಡ, ಹೃದ್ರೋಗ, ಅವಳಿ ಮಕ್ಕಳು ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಒಪ್ಪಿಗೆಯಿಲ್ಲದೆ ಯಾವ ಆಸನವೂ ಬೇಡ. ತಾಯಿ ಕಾರ್ಡಿನಲ್ಲಿ ಬರೆದ ಹಿಮೋಗ್ಲೋಬಿನ್ ಪ್ರಮಾಣವನ್ನೂ ನೋಡಿ. ಅದು 7 ಗ್ರಾಮಿಗಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. ಆಗ ಚಿಕಿತ್ಸೆಯೇ ಮೊದಲು. ಸೀಮಂತ ಮುಗಿಸಿ ತವರಿಗೆ ಹೋಗುವಾಗ ವೈದ್ಯರೂ ಶಿಕ್ಷಕರೂ ಬದಲಾಗುತ್ತಾರೆ. ಈವರೆಗೆ ಮಾಡಿದ ಅಭ್ಯಾಸವನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಡಿನೊಂದಿಗೆ ಒಯ್ಯಿರಿ.

ರಕ್ತ ಅಥವಾ ನೀರು ಹೋಗುವುದು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು, ಎದೆನೋವು, ಕಣ್ಣು ಮಂಜಾಗಿ ತಲೆನೋವು, ಮೀನಖಂಡದ ಊತ, ಮಗುವಿನ ಚಲನೆ ಕಡಿಮೆಯಾಗುವುದು ಇವು ಕಂಡರೆ ಅಭ್ಯಾಸ ನಿಲ್ಲಿಸಿ. ಲೇಡಿಗೋಷನ್ ಆಸ್ಪತ್ರೆಗೋ ಹತ್ತಿರದ ಹೆರಿಗೆ ಆಸ್ಪತ್ರೆಗೋ ತಡಮಾಡದೆ ಹೋಗಿ.

ಮನೆಯವರಿಗೂ ಒಂದು ಮಾತು. ಯೋಗ ಮಾಡಿದವಳಿಗೆ ಸಿಸೇರಿಯನ್ ಆಗುವುದೇ ಇಲ್ಲ ಎಂದೇನಿಲ್ಲ. ಹಾಗಾದರೆ ಅವಳನ್ನು ದೂರಬೇಡಿ. ಈಗ ಅವಳಿಗೆ ದಿನಕ್ಕೆ ಅರ್ಧ ಗಂಟೆ ಅಡಿಗೆಮನೆಯಿಂದ ಬಿಡುವು ಕೊಡಿ; ಅದನ್ನು ಯಾವ ಶಿಕ್ಷಕರೂ ಕೊಡಲಾರರು.