ಹೊಡೆತ ಸರಳವಾಗಿದ್ದರೆ ಚೆಂಡು ಗೆರೆಯೊಳಗೆ



ನಮ್ಮ ಶಾಲೆಯಲ್ಲಿದ್ದ ಎರಡು ಟೆನಿಸ್ ಚೆಂಡನ್ನೂ ಗೋಡೆಯಾಚೆಯ ನಾಲೆಗೆ ಹಾಕಿದವನು ನಾನೇ. ಕನ್ನಂಬಾಡಿ ನೀರಿನಲ್ಲಿ ಅವು ತೇಲಿ ಹೋದವು. ‘ಯಾಕೋ ಹಂಗ್ ಬೀಸ್ತೀಯ?’ ಅಂತ ಎಲ್ಲರೂ ಬೈದಿರಿ. ಚೆಂಡು ಯಾಕೆ ಹಾಗೆ ಹೋಯಿತು ಎಂಬುದನ್ನು ಆಮೇಲೆ ಪಿ.ಟಿ. ಮೇಷ್ಟ್ರು ತಿಳಿಸಿಕೊಟ್ಟರು. ಅದನ್ನೇ ಇಲ್ಲಿ ಬರೆದಿದ್ದೇನೆ.

ಬಲಗೈಯವರು ಬಲಗಡೆ ಬಂದ ಚೆಂಡನ್ನು ಅಂಗೈ ಮುಂದಾಗಿ ಹೊಡೆಯುವುದೇ ಫೋರ್‌ಹ್ಯಾಂಡ್. ಟೆನಿಸ್ ಅಂಕಣದ ಉದ್ದ 78 ಅಡಿ. ಬಲೆಯ ಎತ್ತರ ನಡುವೆ 3 ಅಡಿ, ಕಂಬಗಳ ಹತ್ತಿರ ಮೂರೂವರೆ ಅಡಿ. ಚೆಂಡು ಬಲೆಯನ್ನೂ ದಾಟಬೇಕು, ಗೆರೆಯೊಳಗೂ ಬೀಳಬೇಕು. ಒಂದು ಸೆಕೆಂಡನ್ನು 200 ಭಾಗ ಮಾಡಿದರೆ, ಅದರಲ್ಲಿ ಸುಮಾರು ಒಂದು ಭಾಗದಷ್ಟು ಹೊತ್ತು ಮಾತ್ರ ಚೆಂಡು ಬ್ಯಾಟಿನ ತಂತಿಗೆ ತಾಗಿರುತ್ತದೆ. ಆಗ ಬ್ಯಾಟಿನ ಮುಖ ಸ್ವಲ್ಪ ಆಕಾಶ ನೋಡಿದರೂ ಚೆಂಡು ನಾಲೆ ಪಾಲು! ಕೈಯನ್ನು ಬೆನ್ನ ಹಿಂದೆ ಎಳೆದು, ಮಣಿಕಟ್ಟು ತಿರುಚಿ ಬೀಸಿದರೆ ಮುಖ ನೆಟ್ಟಗಿರೋದು ಕಷ್ಟ. ನಾನು ಮಾಡಿದ ತಪ್ಪು ಅದೇ.

ಸರಳ ವಿಧಾನ ಹೀಗಿದೆ:

1. ಚೆಂಡು ಬರುವುದು ಕಂಡ ಕೂಡಲೇ ಭುಜ ತಿರುಗಿಸಿ. ಬ್ಯಾಟು ತಾನೇ ಹಿಂದಕ್ಕೆ ಹೋಗುತ್ತದೆ.

2. ಮೈಗಿಂತ ಮುಂದೆ, ಸೊಂಟದ ಎತ್ತರದಲ್ಲಿ ಚೆಂಡನ್ನು ಹೊಡೆಯಿರಿ.

3. ಬ್ಯಾಟು ಕೆಳಗಿನಿಂದ ಮೇಲಕ್ಕೆ ಹೋಗಲಿ, ಮುಖ ನೆಟ್ಟಗಿರಲಿ. ಆಗ ಚೆಂಡು ಮುಂದಕ್ಕೆ ಸುತ್ತುತ್ತಾ ಹೋಗುತ್ತದೆ. ಹಾಗೆ ಸುತ್ತುವ ಚೆಂಡನ್ನು ಗಾಳಿ ಕೆಳಕ್ಕೆ ತಳ್ಳುವುದರಿಂದ ಅದು ಬೇಗ ಇಳಿದು ಗೆರೆಯೊಳಗೆ ಬೀಳುತ್ತದೆ.

4. ಹೊಡೆದ ಮೇಲೆ ಕೈಯನ್ನು ತಟ್ಟನೆ ನಿಲ್ಲಿಸಬೇಡಿ.

ಕಬ್ಬು ಕಡಿಯುವವರನ್ನು ನೋಡಿ. ಹೊಸಬರು ಮಚ್ಚನ್ನು ತಲೆ ಮೇಲೆತ್ತಿ ಬೀಸಿ ಬೇಗ ಸುಸ್ತಾಗ್ತಾರೆ. ಪಳಗಿದವರು ಬೇಕಾದಷ್ಟೇ ಕೈ ಆಡಿಸಿ ಸಂಜೆವರೆಗೂ ಕಡೀತಾರೆ. ಇದೂ ಹಾಗೆಯೇ.

ಟೆನಿಸ್ ನಮ್ಮದಲ್ಲದ ಆಟ ಅನ್ನಬೇಡಿ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ಎದುರಾಳಿ ಎಷ್ಟೋ ಸಲ ಬಲೆ ಹತ್ತಿರವೇ ನಿಂತಿರುತ್ತಾನೆ. ದೊಡ್ಡದಾಗಿ ಬೀಸೋಕೆ ಹೊತ್ತೆಲ್ಲಿ?

ಈಗ ಮೇಷ್ಟ್ರು ತಂದ ಚೆಂಡು ಒಂದೇ ಇದೆ. ಗೋಡೆ ಮೇಲೆ 3 ಅಡಿ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ದಿನಾ ಸಂಜೆ ಹೀಗೇ ಅಭ್ಯಾಸ ಮಾಡುತ್ತಿದ್ದೇನೆ. 15 ದಿನದಿಂದ ಚೆಂಡು ಗೋಡೆ ದಾಟಿಲ್ಲ. ಗೆಳೆಯರೇ, ಇನ್ನಾದರೂ ಆಟದಲ್ಲಿ ನನಗೂ ಒಂದು ಸರದಿ ಕೊಡ್ತೀರಾ?

– 9ನೇ ತರಗತಿ ವಿದ್ಯಾರ್ಥಿ