ಪೆನ್ಸಿಲ್ಲಿನಲ್ಲಿ ಬರೆದ ಪ್ರೋಗ್ರಾಂ

3ಇ, 05, 06, 03, 80, 32, 00, 90, 76. 8085 ಮೈಕ್ರೊಪ್ರೊಸೆಸರ್ ಕಿಟ್ಟಿನ ಮುಂದೆ ಕುಳಿತವರಿಗೆ ಇದು ಪೂರ್ತಿ ಮಾತು: ಐದು ತಗೋ, ಮೂರು ತಗೋ, ಕೂಡಿಸು, ಬಂದದ್ದನ್ನು ಮೆಮೊರಿಯ 9000ನೇ ಮನೆಯಲ್ಲಿಡು, ನಿಲ್ಲು. ಹುಕ್ಕೇರಿ ತಾಲ್ಲೂಕಿನ ನಿಡಸೋಶಿಯಲ್ಲಿ 1996ರಲ್ಲಿ ಹಿರಾಶುಗರ್ ತಾಂತ್ರಿಕ ಕಾಲೇಜು ಶುರುವಾದ ಮೇಲೆ ಗೋಕಾಕ, ಮೂಡಲಗಿ ಕಡೆಯ ಹುಡುಗರಿಗೆ ಎಂಜಿನಿಯರಿಂಗ್ ಓದು ಊರ ಹತ್ತಿರಕ್ಕೇ ಬಂತು. ಯಂತ್ರದ ಭಾಷೆಯನ್ನು ಕೈಯಿಂದಲೇ ಬರೆಯುವ ವಿದ್ಯೆ ನಮ್ಮ ಕಾಲದ ಹುಡುಗರಿಗೆ ದಕ್ಕಿದ್ದು ಇಂಥ ಲ್ಯಾಬುಗಳಲ್ಲಿ.

ಈ ವಿದ್ಯೆಯ ಹಿರಿಯರು ವ್ಯಾಪಾರದ ಕಂಪ್ಯೂಟರುಗಳಲ್ಲಿ ದುಡಿದವರು. ಐಬಿಎಂ 1401 ಯಂತ್ರ 1959ರಲ್ಲಿ ಹೊರಬಂದು, 1961ರಲ್ಲಿ ಮುಂಬಯಿಯ ಎಸ್ಸೊ ತೈಲ ಕಂಪನಿಗೆ ಬಂತು. ಗೋಕಾಕ ಫಾಲ್ಸ್ ಗಿರಣಿಯಂಥ ಕಡೆ ಪಗಾರ ಪತ್ರಕ ಎಷ್ಟುದ್ದ ಎಂದು ಬಲ್ಲವರಿಗೆ, ಕಂಪನಿಗಳು ಈ ಯಂತ್ರವನ್ನೇಕೆ ತಂದವು ಎಂದು ಹೇಳಬೇಕಿಲ್ಲ. ಅತಿ ಸಣ್ಣ 1401ರ ಮೆಮೊರಿ 1,400 ಅಕ್ಷರ; ಈ ಲೇಖನವೂ ಅದರಲ್ಲಿ ಹಿಡಿಸದು. ತೂತು ಹೊಡೆದ ಕಾರ್ಡಿನ 80 ಕಾಲಂ ಮೆಮೊರಿಯ 1ರಿಂದ 80ನೇ ಮನೆಗಳಿಗೆ ಬರುತ್ತಿತ್ತು. ಛಾಪಿಸಬೇಕಾದ ಸಾಲನ್ನು 201ರಿಂದ 332ರವರೆಗೆ ಜೋಡಿಸಬೇಕಿತ್ತು. ‘ಎ’ ಎಂದರೆ ಕೂಡು, ‘ಎಸ್’ ಎಂದರೆ ಕಳೆ. ಯಾವ ಅಂಕಿ ಯಾವ ಮನೆಯಲ್ಲಿದೆ ಎಂಬುದು ಬರೆದವನ ತಲೆಯಲ್ಲಿರುತ್ತಿತ್ತು.

ನಮ್ಮ ಕಿಟ್ಟಿನಲ್ಲೂ ಅದೇ ಶಿಸ್ತು. ಹಾಳೆಗೆ ಕಾಲಂ ಗೆರೆ ಹಾಕಿ, ವಿಳಾಸ ಒಂದು ಕಡೆ, ಆದೇಶದ ಸಂಕೇತವಾದ ಆಪ್‌ಕೋಡ್ ಇನ್ನೊಂದು ಕಡೆ. ನಡುವೆ ಒಂದು ಆದೇಶ ಮರೆತುಹೋಯಿತೋ, ಕೆಳಗಿನದೆಲ್ಲ ಸರಿಯುತ್ತದೆ, ಜಂಪ್ ವಿಳಾಸಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕು. ಅದಕ್ಕೇ ತಿಳಿದವರು ನಡುನಡುವೆ ಏನೂ ಮಾಡದ 00 ಬಿಡುತ್ತಿದ್ದರು; ಹೊಲದಲ್ಲಿ ಬದು ಬಿಟ್ಟ ಹಾಗೆ. ಬೇರಾವ ಯುಕ್ತಿಗಿಂತ ಇದೇ ನನಗೆ ಹೆಚ್ಚು ಇಷ್ಟ.

ಒಂದು ಸಲ ನಾನು 00 90 ಬದಲು 90 00 ಒತ್ತಿದ್ದೆ. ವಿಳಾಸದ ಕೆಳಗಿನ ಅರ್ಧ ಮೊದಲು ಬರಬೇಕು ಎಂಬುದು ಮರೆತಿತ್ತು. ಉತ್ತರ 0090ಕ್ಕೆ ಹೋಯಿತು. ಅಲ್ಲಿರುವುದು ಓದಲಷ್ಟೇ ಬರುವ ಮೆಮೊರಿ, ಏನೂ ಉಳಿಯಲಿಲ್ಲ. 9000 ತೆರೆದರೆ ಯಾವುದೋ ಹಳೆಯ ಅಂಕಿ. ಸಂಜೆ ಬಸ್ಸಿನಲ್ಲಿ ಮೂಡಲಗಿ ಮುಟ್ಟುವತನಕ ಹಾಳೆಯನ್ನು ಒಂದೊಂದೇ ಸಾಲು ಬೆರಳಿಟ್ಟು ಓದಿ ತಪ್ಪು ಹಿಡಿದೆ. ಮರುದಿನ ಎರಡು ಗುಂಡಿ ಅದಲುಬದಲು ಒತ್ತಿದಾಗ, ಕೆಂಪು ದೀಪದ ಡಿಸ್ಪ್ಲೇ ಮೇಲೆ 08 ಮೂಡಿತು.